ಖಾಲಿ ದೋಣಿಯ ಎತ್ತರ

ಫೆಬ್ರವರಿ ೧೬, ಭಾನುವಾರ

ಮುನಿಸಿಕೊಂಡು ಕೂತ ತಮ್ಮನಿಗೆ, ಮುನಿಯಲು ಪುರುಸೊತ್ತಿಲ್ಲದ ಅಕ್ಕ ಬರೆಯುವುದು.

ಮೊದಲು ಖರ್ಚು ಹೇಳಿಬಿಡುತ್ತೇನೆ. ದೊಡ್ಡ ದೋಣಿಯ ಚಾವಣಿ ಪೂರ್ತಿ. ಚುಕ್ಕಾಣಿ ಹಿಡಿಯುವ ಗೊಣಗಪ್ಪನ ಮುಂದಿನ ಹಲ್ಲು. ಹೊಸ ಚಾವಣಿಗೆಂದು ಮಾರಿದ ಅಮ್ಮನ ಬಳೆಗಳು. ಒಂದು ಸುಗ್ಗಿಯ ಇಡೀ ಸಾಗಣೆ. ಇಷ್ಟು ಕೊಟ್ಟು ನಮ್ಮ ದೋಣಿಗಳು ತಂಗುವ ಕಡವನ್ನು ಉಳಿಸಿಕೊಂಡೆವು. ಕಾಗದ ತಡವಾದದ್ದೂ ಅದಕ್ಕೇ. ತಪ್ಪನ್ನು ಹೊಟ್ಟೆಗೆ ಹಾಕಿಕೊ.

ಸೇತುವೆಗೆ ಅಳತೆ ತೆಗೆಯಲು ಸರ್ವೆಯವರು ಬಂದ ದಿನ ನೆನಪಿದೆಯಲ್ಲ? ನಮ್ಮ ವ್ಯಾಪಾರದ ಜಂಭ ತೋರಿಸಲು ಎಲ್ಲರೂ ದೋಣಿಗಳಿಗೆ ಅಂಚಿನವರೆಗೆ ಮೂಟೆ ಒಟ್ಟಿದೆವು. "ಇನ್ನೂ ಹೇರ್ರೋ, ಬಾಯಿ ಬಿಟ್ಕೊಂಡು ನೋಡ್ಲಿ!" ಎಂದು ನೀನು ಕೂಗುತ್ತಿದ್ದೆ. ಹೇರಿದೆವು. ದೋಣಿಗಳು ಎಮ್ಮೆಗಳ ಹಾಗೆ ನೀರಲ್ಲಿ ಮುಳುಗಿ ನಿಂತವು. ಅವರು ಆ ಎತ್ತರವನ್ನೇ ಅಳೆದುಕೊಂಡು ಹೋಗಿ ಸೇತುವೆ ಕಟ್ಟಿದರು. ತುಂಬಿದ ದೋಣಿ ಕೆಳಗಿನ ಪೇಟೆಗೆ ಸಲೀಸಾಗಿ ಇಳಿಯಿತು. ಸರಕು ಇಳಿಸಿ, ಹಗುರಾಗಿ, ಮೇಲೆದ್ದು ಮರಳುವಾಗ ಸೇತುವೆಗೆ ಢಬ್! ಚಾವಣಿ ಹೊಳೆಗೆ, ಹಲ್ಲು ಎಲ್ಲಿಗೋ.

ಚಾವಣಿ ಬೇಡವೆಂದರೆ ಧಾನ್ಯ ನೆನೆದು ಮೊಳಕೆಯೊಡೆಯುತ್ತದೆ. ಲಾರಿ ಸಾಹುಕಾರ ಮಾರನೆಯ ದಿನವೇ ಹಾಜರು. "ಅಕ್ಕಾ, ದೋಣಿಗಳನ್ನ ಸೌದೆ ರೇಟಿಗೆ ಕೊಟ್ಬಿಡಿ. ಕಾಲ ನಿಮ್ದಲ್ಲ."

"ಕಾಲ ನಿಮ್ಮಪ್ಪಂದಾ? ಮೊದ್ಲು ಕುರ್ಚಿ ಬಿಟ್ಟೇಳಿ, ಅದು ಗಿರಾಕಿಗಳಿಗೆ" ಎಂದೆ. ಅವನು ಎದ್ದ. ಹೇರಿಸಿದ್ದು ನೀನೇ ಎಂಬ ಕಡವಿನವರ ಕುಹಕ ತಾಳಲಾರದೆ ನೀನೂ ಎದ್ದು ಅವನ ಲಾರಿ ಹತ್ತಿದೆ.

ನಾನು ಓದಿದವಳಲ್ಲ. ಆದರೆ ಭಾರ ಇದ್ದರೆ ದೋಣಿ ತಗ್ಗುತ್ತದೆ ಎನ್ನುವುದಕ್ಕೆ ಓದು ಯಾಕೆ ಬೇಕು? ಪೇಟೆಯ ಇಟ್ಟಿಗೆ ಗೂಡಿನ ಅಂಗಳದಲ್ಲಿ ಸುಟ್ಟು ಸೊಟ್ಟಗಾದ ಇಟ್ಟಿಗೆ ಗುಡ್ಡೆ ಬಿದ್ದಿತ್ತು. "ತಗೊಂಡು ಹೋಗಿ ತಾಯಿ, ಪುಣ್ಯ ಬರುತ್ತೆ" ಎಂದ ಗೂಡಿನವನು. ಅದನ್ನೇ ತುಂಬಿಕೊಂಡು, ಸೇತುವೆಯ ಹೊಟ್ಟೆ ಸವರಿಕೊಂಡು ಮೇಲೆ ಬಂದೆವು. "ಕಲ್ಲು ಹೊರೋ ಕತ್ತೆಗಳಾದ್ವಿ" ಎಂದು ಗೊಣಗಪ್ಪ ಹಲ್ಲಿಲ್ಲದ ಸಂದಿಯಿಂದ ಉಗುಳಿದ.

ಇಳಿಸಿದ ಇಟ್ಟಿಗೆಯನ್ನು ಕೇಳುವವರಿರಲಿಲ್ಲ. ಹೊಳೆ ಉಕ್ಕಿದಾಗೆಲ್ಲ ಹಮಾಲರ ತಗಡಿನ ಗುಡಿಸಲುಗಳು ಕೊಚ್ಚಿಹೋಗುತ್ತಿದ್ದವು. ಅವರಲ್ಲೊಬ್ಬ ಆ ಇಟ್ಟಿಗೆಯಿಂದ ಕಡವಿನ ದಿಬ್ಬದ ಮೇಲೊಂದು ಗೋಡೆ ಎಬ್ಬಿಸಿದ. ಅದಕ್ಕೆ ಬೆನ್ನು ಕೊಟ್ಟು ಇನ್ನೊಬ್ಬ. ಬಲೆ ಹೆಣೆಯುವವಳು ಬಂದಳು, ದರ್ಜಿ ಬಂದ. ಸೊಟ್ಟ ಇಟ್ಟಿಗೆಯ ಮನೆಗಳು, ಒಂದರ ಮೂಲೆಯೂ ನೆಟ್ಟಗಿಲ್ಲ. ಆದರೆ ಬೀದಿ ಬೀದಿಯೇ.

ಇದ್ಯಾವುದನ್ನೂ ಇಳಿದು ನೋಡದ ಸಾಹುಕಾರ, ಅಲ್ಲಿ ಜನವಸತಿಯಿಲ್ಲ, ಕಡವು ಮುಚ್ಚಿ ಎಂದು ಅರ್ಜಿ ಹಾಕಿದ. ಹೋದ ತಿಂಗಳು ಅಧಿಕಾರಿ ಬಂದರು. ಟೀ ಕುಡಿಯುತ್ತ, "ಇಲ್ಲಿ ಯಾರೂ ಇಲ್ಲ ಅಂದಿದ್ರಲ್ಲ?" ಎಂದರು. ಗೊಣಗಪ್ಪನ ಹೆಂಡತಿ ಸೊಂಟಕ್ಕೆ ಕೈಯಿಟ್ಟಳು: "ಹಾಗಾದ್ರೆ ನಿಮಗೆ ಟೀ ಕೊಟ್ಟಿದ್ದು ದೆವ್ವಾನಾ ಸ್ವಾಮಿ?" ಅವರು ನಕ್ಕರು, ಬೀದಿಯುದ್ದಕ್ಕೂ ನಡೆದರು, ಅರ್ಜಿ ವಜಾ ಮಾಡಿದರು. ಕಡವು ಇರುತ್ತದೆ. ಸೇತುವೆಯೂ ಇರಲಿ, ನನಗೇನು!

ನಿನ್ನ ಕೈಕಾಲು ಗಟ್ಟಿಯಾಗಿರಲಿ, ಬ್ರೇಕು ಅದಕ್ಕಿಂತ ಗಟ್ಟಿಯಾಗಿರಲಿ.

ಇಂತಿ,
ನಿನ್ನ ಅಕ್ಕ

ಮರೆತ ಮಾತು: ಸೇತುವೆಯಡಿ ಬರುವಾಗ ನಾವೆಲ್ಲ ತಲೆ ತಗ್ಗಿಸುತ್ತೇವೆ. ಮೊನ್ನೆ ಸೇತುವೆಯ ಮೇಲೆ ನಿನ್ನ ಹಾರ್ನ್ ಕೇಳಿಸಿತು. ಎದ್ದು ನಿಂತು, ನಿನ್ನನ್ನು ಮನೆಯಲ್ಲಿ ಕರೆಯುವ ಹಾಗೆ ಕೂಗಿದೆ. ಸೇತುವೆಯಂಚಿನ ಕಬ್ಬಿಣ ಹಣೆಗೆ ಬಡಿಯಿತು. ನೀನು ಕಿಟಕಿಯಿಂದ ಬಗ್ಗಿ ನೋಡಿದೆ. ರಕ್ತವನ್ನೂ ನೋಡಿದೆ. ಲಾರಿ ನಿಲ್ಲಲಿಲ್ಲ.

ಸಾಹುಕಾರನಿಗೆ ರಸ್ತೆ ಸಿಕ್ಕಿತು. ಹಮಾಲರಿಗೆ ಬೀದಿ. ಗೂಡಿನವನಿಗೆ ಚೊಕ್ಕ ಅಂಗಳ. ನಿನಗೆ ತಿಂಗಳ ಸಂಬಳ. ನನಗೆ ಕಡವು, ಮತ್ತು ಹಣೆಯ ಮೇಲೆ ಹೊಲಿಗೆ.