ಮೂರನೆಯ ತಿದ್ದುಪಡಿ

ಕೊವೆಂಟ್ರಿ
ಭಾನುವಾರ, ೯ ಮಾರ್ಚ್ ೨೦೨೫

ಚಿ. ಸೌ. ಭಾಗ್ಯಶ್ರೀಗೆ ನಿನ್ನ ಅಪ್ಪಾಜಿಯ ಆಶೀರ್ವಾದಗಳು. ಅಳಿಯ ಅಮೃತ್‌ಗೂ ತಿಳಿಸು.

ತಡವಾಯಿತು ಅಂತ ಸಿಟ್ಟಾಗಬೇಡ. ನೀನು ಎರಡು ವಾರದಿಂದ ಒಂದೇ ಪ್ರಶ್ನೆಯನ್ನು ನಾಲ್ಕು ಸಲ ಕಳಿಸಿದ್ದೀ. ನಾನು ನಾಲ್ಕು ಸಲವೂ ಹೆಬ್ಬೆರಳಿನ ಚಿತ್ರ ಕಳಿಸಿದ್ದೇನೆ. ಅದು ಉತ್ತರವಲ್ಲ ಅಂತ ನನಗೂ ಗೊತ್ತು. ಫೋನ್ ಮಾಡಿ ಹೇಳೋಣವೆಂದರೆ ಫೋನು ನನ್ನದಲ್ಲ, ನಿಮ್ಮವ್ವನದು. ಇಷ್ಟು ವರ್ಷ ನಾನು "ಊಟ ಆತೇನವಾ?" ಅಂತ ಕೇಳಿ, "ತಡಿ, ನಿಮ್ಮವ್ವಗ ಕೊಡ್ತೀನಿ" ಅನ್ನುವಷ್ಟಕ್ಕೇ ಅದನ್ನು ಬಳಸಿದವನು. ಈಗಲೂ ಊಟದ ವಿಷಯ ಕೇಳುತ್ತೇನೆ, ಆಮೇಲೆ ಕೊಡುವುದಕ್ಕೆ ಯಾರೂ ಇಲ್ಲ, ಇಟ್ಟುಬಿಡುತ್ತೇನೆ. ಕಾಗದವಾದರೆ ಕೊನೆಯವರೆಗೆ ನಾನೇ ಬರೆಯಬೇಕು. ಎಂಟು ವರ್ಷದವಳಿದ್ದಾಗ ಈ ದೇಶಕ್ಕೆ ಬಂದ ನಿನಗೆ ಕನ್ನಡ ಓದಲು ಮರೆಯಬಾರದೆಂದು ಅವಳು ಪ್ರತಿ ಭಾನುವಾರ ಕಾಪಿ ಬರೆಸುತ್ತಿದ್ದಳಲ್ಲ, ಅದು ಇವತ್ತು ಉಪಯೋಗಕ್ಕೆ ಬಂತು.

ನನ್ನ ಆರೋಗ್ಯ ಚೆನ್ನಾಗಿದೆ. ಬಾಯ್ಲರ್ ಸರ್ವಿಸ್ ಆಯಿತು. ಬಂದ ಹುಡುಗ ಒಂದು ಸ್ಕ್ರೂ ಸಡಿಲ ಬಿಟ್ಟು ಹೊರಟಿದ್ದ, ವಾಪಸು ಕರೆದು ಬಿಗಿ ಮಾಡಿಸಿದೆ. ವುಲ್ವರ್‌ಹ್ಯಾಂಪ್ಟನ್ನಿನಿಂದ ಗೆಳೆಯ ಡಾಕ್ಟರ್ ಕೆಂಚಪ್ಪ ತಿಂಗಳಿಗೊಮ್ಮೆ ರೊಟ್ಟಿ, ಶೇಂಗಾ ಚಟ್ನಿ ತಂದುಕೊಟ್ಟು ಹೋಗುತ್ತಾನೆ. ಹೋದ ಸಲ ಬಂದಾಗ ನನ್ನ ಮುಖವನ್ನೇ ನೋಡುತ್ತಾ ಕೂತ. "ಐದು ತಿಂಗಳಾತು, ಒಮ್ಮೆರ ಅತ್ತೀ ಇಲ್ಲೋ?" ಅಂದ. ಇಲ್ಲ ಅಂದೆ. "ಹಂಗಾರ ಜಿಪಿ ಕಡೆ ಹೋಗು, ಇದು ಛಲೋ ಅಲ್ಲ," ಅಂತ ತಾನೇ ಅಪಾಯಿಂಟ್‌ಮೆಂಟ್ ಮಾಡಿಸಿದ. ಜಿಪಿ ಡಾಕ್ಟರಮ್ಮ ಒಂದು ಫಾರ್ಮ್ ಕೊಟ್ಟಳು. ಕಳೆದ ಎರಡು ವಾರದಲ್ಲಿ ಎಷ್ಟು ದಿನ ದುಃಖವಾಯಿತು, ಎಷ್ಟು ದಿನ ನಿದ್ದೆ ಬರಲಿಲ್ಲ, ಸೊನ್ನೆಯಿಂದ ಮೂರರವರೆಗೆ ಅಂಕ ಕೊಡಬೇಕು. ಪ್ರಾಮಾಣಿಕವಾಗಿ ತುಂಬಿದೆ. ಎಲ್ಲ ಸೊನ್ನೆ ಬಂತು. ಅವಳು ಅದನ್ನು ನೋಡಿ ನಗಲಿಲ್ಲ, ಮತ್ತೆ ಬನ್ನಿ ಅಂದಳು.

ನಿಜ ಹೇಳಬೇಕೆಂದರೆ ಏನೂ ಅನ್ನಿಸುತ್ತಿಲ್ಲ, ಭಾಗ್ಯಾ. ದಂತವೈದ್ಯ ಸೂಜಿ ಚುಚ್ಚಿದ ಮೇಲೆ ಕೆನ್ನೆ ಇರುತ್ತದಲ್ಲ, ಹಾಗಿದೆ. ಸಂಜೆ ಟೀವಿ ಹಾಕಿ ಸೋಫಾದಲ್ಲಿ ನನ್ನ ತುದಿಯಲ್ಲಿ ಕೂರುತ್ತೇನೆ. ಅವಳು ನೋಡುತ್ತಿದ್ದ ಕಾರ್ಯಕ್ರಮಗಳೇ ಈಗಲೂ ಬರುತ್ತವೆ. ಮನೆ ಹುಡುಕುವವರದು, ಅಟ್ಟದಲ್ಲಿ ಸಿಕ್ಕ ಹಳೇ ಸಾಮಾನಿನದು, ಹಸುವಿಗೆ ಹೆರಿಗೆ ಮಾಡಿಸುವ ಡಾಕ್ಟರದು, ಆಂಬುಲೆನ್ಸಿನದು. ನಿಮ್ಮವ್ವ ಇಂಗ್ಲಿಷ್ ಕಲಿತದ್ದೇ ಅವುಗಳಿಂದ. ಕಥೆ ಮಾಡಿ ತೋರಿಸುವ ಧಾರಾವಾಹಿ ಅವಳಿಗೆ ಸೇರುತ್ತಿರಲಿಲ್ಲ. "ಅವರು ಅತ್ತಂಗ ಮಾಡ್ತಾರ್ರಿ, ಇವರು ಖರೇನ ಅಳ್ತಾರ," ಅನ್ನುತ್ತಿದ್ದಳು. ಯಾವುದೋ ಊರಿನ ಯಾರದೋ ಹೆಂಗಸಿನ ನಾಯಿ ಬದುಕಿತು ಅಂತ ಅಡಿಗೆಮನೆಗೆ ಬಂದು ನನಗೆ ವರದಿ ಒಪ್ಪಿಸುತ್ತಿದ್ದಳು.

ಅದಕ್ಕೇ ಆ ದಿನ ಆಸ್ಪತ್ರೆಯಲ್ಲಿ ಕ್ಯಾಮೆರಾ ಕಂಡಾಗ ಅವಳಿಗೆ ಆದ ಖುಷಿ ನಿನಗೆ ಗೊತ್ತಾಗಬೇಕು. ಎದೆನೋವು ಅಂತ ಬೆಳಿಗ್ಗೆ ಆಂಬುಲೆನ್ಸಿನಲ್ಲಿ ಕರೆತಂದಿದ್ದಾರೆ, ಮೈತುಂಬ ವೈರು, ಅಂಥದ್ದರಲ್ಲಿ ಮ್ಯಾಂಚೆಸ್ಟರಿನ ಟೀವಿ ಕಂಪನಿಯ ಹ್ಯಾನಾ ಅನ್ನುವ ಹುಡುಗಿ ಬಂದು ಮೆಲ್ಲಗೆ ಒಪ್ಪಿಗೆ ಕೇಳಿದಳು. ನಾನು ಬೇಡ ಅನ್ನುವವನಿದ್ದೆ. ನಿಮ್ಮವ್ವ ಆಕ್ಸಿಜನ್ ಮಾಸ್ಕ್ ಸರಿಸಿ, "ನಮ್ಮನ್ನ ಟೀವ್ಯಾಗ ತೋರಸ್ತಾರಂತ್ರೀ! ಹೂಂ ಅನ್ರಿ," ಅಂದಳು. ಹೂಂ ಅಂದೆ. ಅದನ್ನು ನೀನು ಕೇಳಿದ್ದೆ, ಯಾರು ಒಪ್ಪಿದ್ದು ಅಂತ. ಅವಳೇ ಒಪ್ಪಿದ್ದು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಹೋದ ತಿಂಗಳು ಕೊನೆಯ ವಾರ ಹ್ಯಾನಾ ಮನೆಗೆ ಬಂದಿದ್ದಳು. ಪ್ರಸಾರಕ್ಕೆ ಮೊದಲು ಮನೆಯವರಿಗೆ ತೋರಿಸುವುದು ಅವರ ಪದ್ಧತಿಯಂತೆ. ಹೂವು ತಂದಿದ್ದಳು. ಚಪ್ಪಲಿ ಬಾಗಿಲಲ್ಲೇ ಬಿಟ್ಟಳು, ಯಾರೂ ಹೇಳದೆ. ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲಿಟ್ಟು, "ಯಾವಾಗ ಬೇಕಾದರೂ ನಿಲ್ಲಿಸಿ ಅನ್ನಿ," ಅಂದಳು. ನಾನು ನೋಟ್‌ಬುಕ್ಕು, ಪೆನ್ಸಿಲ್ ತೆಗೆದುಕೊಂಡು ಕೂತೆ. ಇಪ್ಪತ್ತೆರಡು ವರ್ಷ ಇಲ್ಲಿನ ಗೇರ್‌ಬಾಕ್ಸ್ ಫ್ಯಾಕ್ಟರಿಯಲ್ಲಿ ತಪಾಸಣೆ ಮಾಡಿದವನು ಬೇರೆ ಹೇಗೆ ನೋಡಲಿ?

ನಾವು ಬರುವುದು ಒಟ್ಟು ಒಂಬತ್ತು ನಿಮಿಷ. ಉಳಿದದ್ದು ಬೇರೆ ಇಬ್ಬರು ರೋಗಿಗಳದು. ನಿಮ್ಮವ್ವ ಚೆನ್ನಾಗಿ ಬಂದಿದ್ದಾಳೆ. ನರ್ಸಿಗೆ "ಯು ಹ್ಯಾಡ್ ಯುವರ್ ಬ್ರೇಕ್‌ಫಾಸ್ಟ್?" ಅಂತ ಕೇಳುತ್ತಾಳೆ. ಡಾಕ್ಟರು ರಕ್ತನಾಳದಲ್ಲಿ ಸ್ಟೆಂಟ್ ಹಾಕಬೇಕು ಅಂದಾಗ, ಆ ಕಾರ್ಯಕ್ರಮದಲ್ಲಿ ನೋಡಿದ್ದೇನೆ, ಗೊತ್ತು ಅನ್ನುತ್ತಾಳೆ. ಡಾಕ್ಟರು ನಗುತ್ತಾರೆ. ಸ್ಟೆಂಟ್ ಹಾಕಿ ವಾರ್ಡಿಗೆ ತಂದ ಮೇಲೆ ಕೂಡ ಚೆನ್ನಾಗಿದ್ದಾಳೆ, ಮಾತನಾಡುತ್ತಾಳೆ. ಎದೆನೋವು ಎರಡನೇ ಸಲ ಬಂದದ್ದನ್ನು ತೋರಿಸಿಲ್ಲ. ಬರೀ ಮುಚ್ಚಿದ ಪರದೆ, ಓಡುವ ಕಾಲುಗಳು. ಆ ಭಯ ಬೇಡ.

ನಾನೂ ಇದ್ದೇನೆ. ಆಸ್ಪತ್ರೆಯ ಒಂದು ಸಣ್ಣ ಕೋಣೆಯಲ್ಲಿ ಕೂತು, ಗದಗಿನಲ್ಲಿ ಹೆಣ್ಣು ನೋಡಲು ಹೋದ ಕಥೆ ಹೇಳುತ್ತೇನೆ. ಅವಳು ತಲೆ ತಗ್ಗಿಸದೆ, "ಫ್ಯಾಕ್ಟರಿಯೊಳಗ ಏನ್ ಮಾಡ್ತೀರಿ?" ಅಂತ ಕೇಳಿದ್ದು, ನಾನು "ತಪ್ಪು ಹುಡುಕ್ತೀನ್ರಿ" ಅಂದದ್ದು, ಅವಳು ಎಲ್ಲರೆದುರು ನಕ್ಕದ್ದು. ಇಂಗ್ಲಿಷಿನಲ್ಲಿ ಆ ಕಥೆ ಅರ್ಧಕ್ಕೆ ಇಳಿಯುತ್ತದೆ, ಆದರೂ ಪರವಾಗಿಲ್ಲ. ಆ ಮಾತು ಕೇಳಿಸುವಾಗ ಪರದೆಯ ಮೇಲೆ ನನ್ನ ಮುಖವಲ್ಲ, ನಾನು ಅವಳ ಕೈ ಹಿಡಿದುಕೊಂಡು ಕೂತದ್ದನ್ನು ತೋರಿಸುತ್ತಾರೆ. ಸುಮಾರು ಹೊತ್ತು. ಆಮೇಲೆ ಪರದೆ ಕಪ್ಪಾಗಿ ಎರಡು ಸಾಲಿನ ಬರಹ ಬರುತ್ತದೆ.

ನೀನು ನೋಡಬೇಕೆಂದದ್ದು ಆ ಕೈ ಹಿಡಿದ ದೃಶ್ಯ ತಾನೇ. ಇದೆ. ಚೆನ್ನಾಗಿದೆ.

ಮುಗಿದ ಮೇಲೆ ಹ್ಯಾನಾ ಕಣ್ಣೊರೆಸಿಕೊಂಡು, "ಏನಾದರೂ ತಪ್ಪಾಗಿದ್ದರೆ ಹೇಳಿ, ಸರಿಮಾಡುತ್ತೇವೆ," ಅಂದಳು. ನಾನು ಎರಡು ತಿದ್ದುಪಡಿ ಕೊಟ್ಟೆ. ಒಂದು, ಕೊನೆಯ ಬರಹದಲ್ಲಿ ವಯಸ್ಸು ಅರವತ್ತೆರಡು ಅಂತಿತ್ತು, ಅವಳಿಗೆ ಅರವತ್ತೊಂದು. ಎರಡು, ಮಹಾದೇವಿ ಅನ್ನುವ ಅವಳ ಹೆಸರನ್ನು ಎರಡು ತುಂಡು ಮಾಡಿ, ದೇವಿಯನ್ನು ಮನೆತನದ ಹೆಸರು ಮಾಡಿಟ್ಟಿದ್ದರು. ಎರಡನ್ನೂ ಬರೆದುಕೊಂಡಳು. "ಇಷ್ಟೇನಾ?" ಅಂದಳು. ಇಷ್ಟೇ ಅಂದೆ. ಸಹಿಗೆ ಒಂದು ಫಾರ್ಮ್ ಬಿಟ್ಟುಹೋಗಿದ್ದಾಳೆ, ಇಪ್ಪತ್ತೊಂದನೇ ತಾರೀಖು ಶುಕ್ರವಾರದೊಳಗೆ ಅವರಿಗೆ ಮುಟ್ಟಬೇಕು. ಮುಟ್ಟದಿದ್ದರೆ ನಮ್ಮ ಒಂಬತ್ತು ನಿಮಿಷ ತೆಗೆದುಹಾಕುತ್ತಾರಂತೆ. ಪ್ರಸಾರ ಇಪ್ಪತ್ತೇಳನೇ ತಾರೀಖು ಗುರುವಾರ, ಒಂಬತ್ತಕ್ಕೆ.

"ಅಪ್ಪಾಜಿ, ಶುಡ್ ಐ ವಾಚ್ ಇಟ್?" ಅಂತ ಕೇಳಿದ್ದೀ. ನಿಮ್ಮವ್ವ ಟೀವಿಯಲ್ಲಿ ಬರಬೇಕೆಂದು ಆಸೆಪಟ್ಟಿದ್ದಳು. ಆಕೆಯ ಮಟ್ಟಿಗೆ ಉತ್ತರ ಅದೇ.

ಹೊತ್ತಿಗೆ ಸರಿಯಾಗಿ ಉಣ್ಣು. ಲೀಡ್ಸಿನ ಚಳಿಯಲ್ಲಿ ಆ ತೆಳ್ಳನೆಯ ಕೋಟು ಹಾಕಿಕೊಂಡು ಓಡಾಡಬೇಡ. ಅಮೃತ್ ಮೇಲೆ ಸಣ್ಣ ಸಣ್ಣದಕ್ಕೆ ರೇಗಬೇಡ, ಆ ಗುಣ ನಿನಗೆ ನನ್ನಿಂದ ಬಂದದ್ದು. ನಿನ್ನ ಮನೆ ತಣ್ಣಗಿರಲಿ, ಶಿವ ನಿನಗೆ ನಿಮ್ಮವ್ವನ ನಗುವನ್ನೂ ನನಗಿಂತ ಒಳ್ಳೆಯ ಬುದ್ಧಿಯನ್ನೂ ಕೊಡಲಿ.

ನಿನ್ನ ಅಪ್ಪಾಜಿ
ಪಂಚಾಕ್ಷರಿ

ತಾ. ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಫಾರ್ಮನ್ನು ಸಹಿ ಮಾಡದೆ ಇದರಲ್ಲೇ ಇಟ್ಟಿದ್ದೇನೆ. ಕೊನೆಯ ಬರಹದ ಎರಡನೇ ಸಾಲು ಹೀಗಿದೆ: ಪತಿ ಪಕ್ಕದಲ್ಲಿ ಕೈ ಹಿಡಿದು ಕೂತಿದ್ದಾಗ ಮಹಾದೇವಿ ತೀರಿಕೊಂಡರು. ಇದನ್ನು ಹ್ಯಾನಾಗೆ ಹೇಳಿದವಳು ನೀನು. ನಿನಗೆ ಹೇಳಿದವನು ನಾನು. ಆ ದಿನ ನೀನು ರೈಲಿಳಿದು ಓಡಿಬಂದು, "ಅವ್ವನ ಕೈ ಹಿಡಕೊಂಡಿದ್ರಿಲ್ಲೋ, ಅಪ್ಪಾಜಿ?" ಅಂದೆ. ನಾನು ಹೂಂ ಅಂದೆ. "ದಟ್ಸ್ ಇನಫ್ ಫಾರ್ ಮಿ," ಅಂತ ನೀನು ನನ್ನ ಭುಜಕ್ಕೆ ಒರಗಿದೆ. ಅವತ್ತಿನಿಂದ ಬಂದವರಿಗೆಲ್ಲ ಅದನ್ನೇ ಹೇಳಿಕೊಂಡು ಬಂದಿದ್ದೀ.

ಆ ದೃಶ್ಯದಲ್ಲಿ ಅವಳ ಕೈ ನೋಡು. ಹಸಿರು ಬಳೆ ಇವೆ. ಸ್ಟೆಂಟ್ ಹಾಕುವ ಮೊದಲು ನರ್ಸ್ ಬಳೆ ತೆಗೆದು ಪ್ಲಾಸ್ಟಿಕ್ ಚೀಲದಲ್ಲಿ ನನಗೆ ಕೊಟ್ಟಿದ್ದಳು. ಅದು ಬೆಳಿಗ್ಗೆಯ ಚಿತ್ರ, ಕೊನೆಯದಲ್ಲ. ನೀನು ಒಂದಲ್ಲ ಒಂದು ದಿನ ಕಂಡುಹಿಡಿಯುತ್ತೀ, ನನ್ನ ಮಗಳು.

ಅವತ್ತು ಮಧ್ಯಾಹ್ನ ಹ್ಯಾನಾ ಕ್ಯಾಮೆರಾ ಮುಂದೆ ಮಾತಿಗೆ ಕರೆದಾಗ ನಾನು ಏಳಲಿಲ್ಲ. ನಿಮ್ಮವ್ವನೇ ದಬ್ಬಿದಳು. "ಹೋಗ್ರಿ, ನಾ ಏನ್ ಓಡಿಹೋಗ್ತೀನೇನು? ಮ್ಯಾಲಿನ ಗುಂಡಿ ಹಾಕ್ಕೋರಿ. ಗಡಬಡ ಮಾಡದ ಛಂದಂಗ ಮಾತಾಡ್ರಿ." ಅವರ ಕೆಲಸದಲ್ಲಿ ಒಂದು ಕ್ರಮವಿದೆ. ಕೇಳಿದವರ ದನಿಯನ್ನು ತೆಗೆದುಹಾಕುತ್ತಾರೆ, ಹಾಗಾಗಿ ಪ್ರಶ್ನೆಯನ್ನೂ ಸೇರಿಸಿ ಪೂರ್ತಿ ವಾಕ್ಯದಲ್ಲಿ ಉತ್ತರ ಹೇಳಬೇಕು. ಮೊದಲ ಸಲ ಹಾಗೆ ಹೇಳುವುದನ್ನು ಮರೆತೆ. ಎರಡನೇ ಸಲ ಹೊರಗೆ ಟ್ರಾಲಿ ಸದ್ದಾಯಿತು. ಮೂರನೇ ಸಲ ಗದಗಿನ ಕಥೆ ಅರ್ಧಕ್ಕೆ ಬಂದಿತ್ತು, ವಾರ್ಡಿನ ಕೇರಳದ ನರ್ಸ್ ಒಬ್ಬಳು ಬಾಗಿಲು ತೆರೆದು ನಿಂತಳು. ಅವಳು ಬಾಯಿ ತೆರೆಯುವ ಮೊದಲೇ ನಾನು ಕೈ ಎತ್ತಿದೆ, ಒಂದು ನಿಮಿಷ ಅಂತ. ನಿಲ್ಲಿಸಿದರೆ ಮತ್ತೆ ಮೊದಲಿನಿಂದ ಹೇಳಬೇಕಾಗುತ್ತಿತ್ತು. ಅವಳು ಪಾಪ, ಮರ್ಯಾದೆಗೆ ಕಾದಳು.

ಪೂರ್ತಿ ಚಿತ್ರೀಕರಣವನ್ನು ಹ್ಯಾನಾ ಹತ್ತಿರ ಕೇಳಿ ತರಿಸಿಕೊಂಡು ನೋಡಿದೆ. ನರ್ಸ್ ಕಾದದ್ದು ಎಪ್ಪತ್ತು ಸೆಕೆಂಡು. ಆಮೇಲೆ ವಾರ್ಡಿನಲ್ಲಿ ಗಂಟೆ ಹೊಡೆದುಕೊಳ್ಳುವುದು ಕೇಳಿಸುತ್ತದೆ, ಅವಳು ತಿರುಗಿ ಓಡುತ್ತಾಳೆ. ನಾನು ಹೋಗುವಷ್ಟರಲ್ಲಿ ಪರದೆ ಎಳೆದಿದ್ದರು, ಒಳಗೆ ಬಿಡಲಿಲ್ಲ. ಎಲ್ಲ ಮುಗಿದ ಮೇಲೆ ಆ ನರ್ಸೇ ಹೇಳಿದಳು, ಆಗ ಏನೂ ಆಗಿರಲಿಲ್ಲ, ನಿಮ್ಮ ಹೆಂಡತಿ ನಿಮ್ಮನ್ನು ಕರೆಯಿರಿ ಅಂದರು, ಅಷ್ಟೇ, ಅದಕ್ಕೆ ಬಂದಿದ್ದೆ ಅಂತ.

ಮೂರನೆಯ ತಿದ್ದುಪಡಿಯನ್ನು ಫಾರ್ಮಿನ ಹಿಂದೆ ಬರೆದಿದ್ದೇನೆ: ಪತಿ ಪಕ್ಕದಲ್ಲಿರಲಿಲ್ಲ. ಅದು ಇರಬೇಕೋ ಹೊಡೆದುಹಾಕಬೇಕೋ ನೀನು ಹೇಳಿ ಫಾರ್ಮನ್ನು ವಾಪಸು ಕಳಿಸು, ಹಾಗೆ ಸಹಿ ಮಾಡುತ್ತೇನೆ. ಕಥೆಯನ್ನಂತೂ ಅವಳು ಹೇಳಿದ ಹಾಗೆಯೇ ಹೇಳಿದ್ದೇನೆ, ಭಾಗ್ಯಾ. ಮೇಲಿನ ಗುಂಡಿ ಹಾಕಿದೆ. ಗಡಬಡ ಮಾಡಿಲ್ಲ. ಕೈ ಎತ್ತಿಕೊಂಡೇ ವಾಕ್ಯವನ್ನು ಪೂರ್ತಿ ಮುಗಿಸಿದ್ದೇನೆ.