ನೆನೆಸಿದ ಐದು ಬಾದಾಮಿ

೧೭ ಜೂನ್, ಮಂಗಳವಾರ. ಉಧ್ನಾ, ಸೂರತ್.

ಮಗಳು ಆಶ್ರಿತಾಳ ಮೊಣಕೈ ಮೇಲಿನ ಹಳದಿ ಗಂಟುಗಳು ತುಪ್ಪದಿಂದ ಬಂದದ್ದಲ್ಲವಂತೆ. ನಾನು ಕೊಟ್ಟಿದ್ದರಿಂದಲೇ ಬೆಳೆದವಂತೆ.

ಹೋದ ವರ್ಷ ಒಂಬತ್ತರ ಮಗುವಿಗೆ ಕೊಲೆಸ್ಟ್ರಾಲ್ ನಾನೂರು ಅಂದಾಗ ತುಪ್ಪ ನಿಲ್ಲಿಸಿದವಳು ನಾನೇ. ನಮ್ಮದೇ ಹೋಟೆಲಿನ ತುಪ್ಪದ ದೋಸೆಗೆ ಅವಳು ಅತ್ತಳು, ನಾನು ಬಗ್ಗಲಿಲ್ಲ. ಅವಳಿಗೆ ಬೇರೆ ಕಾವಲಿ, ಶೇಂಗಾ ಎಣ್ಣೆ, ಎಳ್ಳಿನ ಚಟ್ನಿ. ದಿನಾ ಬೆಳಿಗ್ಗೆ ನೆನೆಸಿದ ಐದು ಬಾದಾಮಿ, ಸಿಪ್ಪೆ ಸುಲಿದು, ಈ ಕೈಯಿಂದಲೇ.

ಇವತ್ತು ಜೀನ್ ರಿಪೋರ್ಟ್ ಬಂತು. ಎಣ್ಣೆ, ಬೀಜಗಳಲ್ಲೂ ಕೊಲೆಸ್ಟ್ರಾಲಿನಂಥದ್ದೇ ಒಂದು ಜಿಡ್ಡು ಇರುತ್ತದಂತೆ. ಎಲ್ಲರ ಕರುಳೂ ಅದನ್ನು ವಾಪಸ್ ಹೊರಗೆ ತಳ್ಳುತ್ತದೆ. ಇವಳಲ್ಲಿ ಆ ತಳ್ಳುವ ಜೀನೇ ಕೆಟ್ಟಿದೆ. "ಬಾದಾಮಿ, ಎಳ್ಳು, ಶೇಂಗಾ ಇವತ್ತೇ ನಿಲ್ಲಿಸಿ" ಅಂದರು ಡಾಕ್ಟರು. ಮಾತ್ರೆ ಇದೆಯಂತೆ, ಗಂಟು ಕರಗಬಹುದಂತೆ. ನಮ್ಮ ಯಜಮಾನರು ಡಾಕ್ಟರನ್ನು ಇನ್ನೂ ಏನೇನೋ ಕೇಳುತ್ತಿದ್ದರು. ನನ್ನ ಕಿವಿಗೆ ಏನೂ ಬೀಳಲಿಲ್ಲ.

ರಿಕ್ಷಾದಲ್ಲಿ ಅವಳು ಕೇಳಿದ್ದು ಒಂದೇ: "ಮಮ್ಮಿ, ಅಬ್ ಥೋಡಾ ಘೀ ಚಲೇಗಾ?" ಇನ್ನು ಸ್ವಲ್ಪ ತುಪ್ಪ ತಿನ್ನಬಹುದಾ ಅಂತ.

ಈಗ ಅಡುಗೆಮನೆಯ ಲೈಟ್ ಆರಿಸಲು ಹೋದೆ. ಬಟ್ಟಲಲ್ಲಿ ಐದು ಬಾದಾಮಿ ನೆನೆಯುತ್ತಿವೆ. ಡಾಕ್ಟರು ನಿಲ್ಲಿಸಿ ಅಂದಿದ್ದನ್ನು ಕೇಳಿಕೊಂಡು ಮನೆಗೆ ಬಂದ ಮೇಲೆ, ನಾನೇ ಹಾಕಿದ್ದೇನೆ.