ಸಣ್ಣತಾಯಿಯ ವಯಸ್ಸು

ಸರಗೂರು
ತಾ. 2-4-1931

ನನ್ನ ಮಗಳು ಚಾಮುಂಡಿಗೆ ಅವ್ವ ಮರಮ್ಮನ ಆಶೀರ್ವಾದಗಳು.

ನಾನು ಗಟ್ಟಿಯಾಗಿದ್ದೇನೆ. ನೀನು ಲೆಕ್ಕದಲ್ಲಿ ಪಾಸಾದೆಯೆಂದು, ಹಾಸ್ಟೆಲಿನಲ್ಲಿ ಹೊಟ್ಟೆ ತುಂಬ ಉಣ್ಣುತ್ತಿದ್ದೀಯೆಂದು ಓದಿ ಸಂತೋಷವಾಯಿತು. ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯಲಿಲ್ಲ, ಕೋಪ ಮಾಡಿಕೊಳ್ಳಬೇಡ. ಬರೆಯಲು ಕೂತರೂ ಕೈ ಓಡುತ್ತಿರಲಿಲ್ಲ. ನಮ್ಮ ಕರಿ ಮೇಕೆ ಎರಡು ಮರಿ ಹಾಕಿದೆ, ಒಂದಕ್ಕೆ ಹಣೆಯ ಮೇಲೆ ಬಿಳಿ ಮಚ್ಚೆ.

ನಿನ್ನ ಗೆಳತಿ ಸಣ್ಣತಾಯಿಗೆಂದು ನೀನು ಕಳಿಸಿದ ರಿಬ್ಬನ್ನು ತಲುಪಿತು. ಅವಳಿಗೆ ಕೊಡಲಾಗಲಿಲ್ಲ ಮಗಳೇ. ಅವಳು ತೀರಿಕೊಂಡಳು.

ಬೇರೆಯವರ ಬಾಯಿಂದ ಕೇಳುವ ಬದಲು ನನ್ನಿಂದಲೇ ತಿಳಿಯಲಿ ಎಂದು ಬರೆಯುತ್ತಿದ್ದೇನೆ. ಹೋದ ವರ್ಷ ಅವಳನ್ನು ನಮ್ಮ ಕೇರಿಯ ಯಜಮಾನ ನಿಂಗಯ್ಯನಿಗೆ ಕೊಟ್ಟರೆಂದಷ್ಟೇ ಬರೆದಿದ್ದೆ. ಉಳಿದದ್ದನ್ನು ಬರೆದಿರಲಿಲ್ಲ. ಅವನಿಗೆ ಐವತ್ತು ಯಾವಾಗಲೋ ದಾಟಿತ್ತು. ಅವಳು ನಿನಗಿಂತ ಚಿಕ್ಕವಳು, ಹನ್ನೊಂದು ತುಂಬಿತ್ತು ಅಷ್ಟೆ. ಅವಳ ಅಜ್ಜಿ ಚಿಕ್ಕಮಾದಮ್ಮನ ಕಾಲು ಹಿಡಿದುಕೊಂಡು ಬೇಡವೆಂದೆ. ಮುದುಕಿ ಅತ್ತುಬಿಟ್ಟಳು.

"ನಾ ಇವತ್ತೋ ನಾಳೀಕೋ ಓಗೋಳು ಕಣ್ ಮರಿ. ಅಪ್ಪ ಅವ್ವ ಇಲ್ದ ಕೂಸ್ನ ಆಮೇಲ್ ಯಾರ್ ಕಾಯ್ತಾರೆ? ಯಜಮಾನ್ರ ಮನೆ ಸೇರುದ್ರೆ ಯಾರೂ ಮುಟ್ಟಾಕಿಲ್ಲ" ಎಂದಳು.

ಐವತ್ತು ದಾಟಿದವನು ಹದಿನಾಲ್ಕು ತುಂಬದ ಹುಡುಗಿಯನ್ನು ಮದುವೆಯಾಗಕೂಡದೆಂದು ಸರ್ಕಾರದ ಕಾನೂನಿದೆ. ಸೂಲಗಿತ್ತಿ ತರಬೇತಿಯಲ್ಲಿ ನಮಗೆ ಹೇಳಿಕೊಟ್ಟಿದ್ದರು. ಅದನ್ನು ನಂಬಿ ಹೆಗ್ಗಡದೇವನಕೋಟೆಗೆ ನಡೆದುಹೋಗಿ ಅಮಲ್ದಾರರ ಕಚೇರಿಯಲ್ಲಿ ಅರ್ಜಿ ಕೊಟ್ಟೆ. ವಿಚಾರಣೆಗೆ ಒಬ್ಬ ಅಧಿಕಾರಿ ಬಂದರು. ಕೇರಿಯೊಳಕ್ಕೆ ಬರಲಿಲ್ಲ, ಹೊರಗಿನ ಹುಣಿಸೆಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತರು. ನಿಂಗಯ್ಯ "ನಲವತ್ತೆಂಟು ಬುದ್ಧಿ" ಎಂದ. ಅಜ್ಜಿ "ಅದ್ನಾಕು ತುಂಬೈತೆ ಬುದ್ಧಿ" ಎಂದಳು. ಹಿರಿಯರೆಲ್ಲ ಹೂಗುಟ್ಟಿದರು.

"ಆ ಕೂಸು ಉಟ್ಟಿದ್ದು ನನ್ ಕೈಯಾಗೆ ಬುದ್ಧಿ" ಎಂದೆ ನಾನು.

"ಇಷ್ಟು ಜನ ಸುಳ್ಳು, ನೀನೊಬ್ಬಳು ನಿಜವೇನಮ್ಮ?" ಎಂದರು ಅವರು. ಆಮೇಲೆ ಸಣ್ಣತಾಯಿಯನ್ನೇ ಕರೆದು ಕೇಳಿದರು. ಅವಳು ಅಜ್ಜಿಯ ಮುಖ ನೋಡಿ, "ಅಜ್ಜಿ ಏಳ್ದಂಗೆ" ಎಂದಳು. ವಿಚಾರಣೆ ಅಲ್ಲಿಗೆ ಮುಗಿಯಿತು, ಮದುವೆ ನಡೆದುಹೋಯಿತು.

ಅಂದಿನಿಂದ ಕೇರಿಯಲ್ಲಿ ಯಾರೂ ಹೆರಿಗೆಗೆ ನನ್ನನ್ನು ಕರೆಯಕೂಡದೆಂದು ನಿಂಗಯ್ಯ ಕಟ್ಟು ಮಾಡಿದ. ನಾನು ಸರಗೂರಿನ ಬೇರೆ ಬೀದಿಗಳಲ್ಲಿ ಕೆಲಸ ಮಾಡಿಕೊಂಡಿದ್ದೆ. ಸಣ್ಣತಾಯಿ ಬಸುರಿ ಎಂದು ತಿಳಿದಾಗ ಹೋದರೆ ಬಾಗಿಲಲ್ಲೇ ತಡೆದರು.

ನೋವು ಶುರುವಾಗಿ ಎರಡು ದಿನ ಕಳೆದ ಮೇಲೆ ಅಜ್ಜಿ ಕದ್ದು ಓಡಿಬಂದಳು. ನಾನು ಬಾಗಿಲಲ್ಲಿದ್ದವರನ್ನೆಲ್ಲ ನೂಕಿಕೊಂಡೇ ಒಳಗೆ ಹೋದೆ. ಮಗು ಅಡ್ಡ ಮಲಗಿ ಹೊಟ್ಟೆಯಲ್ಲೇ ಸತ್ತಿತ್ತು. ಅವಳದು ಎಳೆ ಮೈ, ಅದು ಹೆರುವ ಮೈಯೇ ಅಲ್ಲ. ಮೈ ಕಾದ ಹೆಂಚಿನಂತೆ ಸುಡುತ್ತಿತ್ತು. ನನ್ನ ಸೆರಗು ಹಿಡಿದುಕೊಂಡು, "ದೊಡ್ಡವ್ವ, ನಾ ಇನ್ಮ್ಯಾಕೆ ಇಲ್ಲಿರಾಕಿಲ್ಲ, ನಿಮ್ಮನೆಗೇ ಬಂದ್ಬುಡ್ತೀನಿ" ಎಂದಳು. "ಬಾ ಮಗ" ಎಂದೆ. ಮೈಸೂರಿನ ಆಸ್ಪತ್ರೆಗೆ ಸಾಗಿಸೋಣವೆಂದು ಗಾಡಿಗೆ ಅಂಗಲಾಚಿದೆ. ಎತ್ತುಗಳು ಉಳುಮೆಗೆ ಹೋಗಿವೆ ಎಂದರು. ಎತ್ತುಗಳು ಕೊಟ್ಟಿಗೆಯಲ್ಲೇ ಇದ್ದವು, ಅವುಗಳ ಕೊರಳ ಗಂಟೆ ನನಗೆ ಕೇಳುತ್ತಿತ್ತು. ಸಂಜೆಗೆ ಅವಳು ಮಾತು ನಿಲ್ಲಿಸಿದಳು.

ನಾನು ಕೈ ತೊಳೆದು ಹೊರಗೆ ಬಂದಾಗ ನಿಂಗಯ್ಯ ಜಗಲಿಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದ. "ಗಂಡೋ ಎಣ್ಣೋ?" ಎಂದ. ಅವಳ ವಿಚಾರ ಕೇಳಲೇ ಇಲ್ಲ.

ಚಿಕ್ಕಮಾದಮ್ಮ ಈಗ ಬಾಗಿಲಲ್ಲೇ ಕೂತಿರುತ್ತಾಳೆ. ಅಂಬಲಿ ಕೊಟ್ಟರೆ ಕುಡಿಯುತ್ತಾಳೆ. ರಿಬ್ಬನ್ನನ್ನು ಅವಳ ಕೈಗೇ ಕೊಟ್ಟೆ.

ನೀನು ಅತ್ತು ಕಣ್ಣು ಕೆಡಿಸಿಕೊಳ್ಳಬೇಡ. ಚೆನ್ನಾಗಿ ಓದು, ತಲೆಗೆ ಎಣ್ಣೆ ಹಚ್ಚಿಕೋ. ತಾಯಿ ಚಾಮುಂಡೇಶ್ವರಿ ನಿನ್ನನ್ನು ನೂರು ಕಾಲ ಚೆನ್ನಾಗಿಟ್ಟಿರಲಿ.

ಇಂತಿ ನಿನ್ನ ಅವ್ವ,
ಮರಮ್ಮ

ಮತ್ತೆ ಬರೆಯುವುದೇನೆಂದರೆ: ರಜಕ್ಕೆ ಕರೆದುಕೊಂಡು ಹೋಗಲು ಯಾವಾಗ ಬರುತ್ತೀಯೆಂದು ಕೇಳಿದ್ದೀಯೆ. ನಾನು ಬರುವುದಿಲ್ಲ. ಸಣ್ಣತಾಯಿಯ ತಿಥಿಯ ದಿನವೇ ಕೇರಿಯವರು ಪಂಚಾಯ್ತಿ ಕೂತು, ಸರ್ಕಾರದವರನ್ನು ಕರೆಸಿದ ತಪ್ಪಿಗೆ ನಾನು ನಿನ್ನನ್ನು ನಿಂಗಯ್ಯನಿಗೆ ಕೊಡಬೇಕೆಂದು ತೀರ್ಮಾನ ಮಾಡಿದರು. ನಿನ್ನ ದೊಡ್ಡಪ್ಪ ದಾಸಯ್ಯ ನನ್ನನ್ನು ಕೇಳದೆ ಒಪ್ಪಿಗೆಯ ವೀಳ್ಯ ತೆಗೆದುಕೊಂಡು ಬಂದ. "ಅಪ್ಪ ಇಲ್ದ ಮಗೀಗೆ ನಾನೇ ಅಪ್ಪ, ರಜ ಬುಟ್ಟೇಟ್ಗೆ ನಾನೇ ಓಗಿ ಕರ್ಕೊಂಡ್ ಬತ್ತೀನಿ" ಎನ್ನುತ್ತಿದ್ದಾನೆ. ನಿನ್ನನ್ನು ಯಾರ ಜೊತೆಗೂ ಕಳಿಸಬಾರದೆಂದು ಹಾಸ್ಟೆಲಿನ ಅಮ್ಮನವರಿಗೆ ಬೇರೆ ಕಾಗದ ಹಾಕಿದ್ದೇನೆ. ಅವ್ವನಿಗೆ ಕಾಯಿಲೆ ಎಂದು ಹೇಳಿ ಕಳಿಸಿದರೂ ಬರಬೇಡ. ಸತ್ತಳು ಎಂದು ಯಾರಾದರೂ ಅಳುತ್ತ ಬಂದು ನಿಂತರೂ ಬರಬೇಡ. ಅದು ನಿಜವೇ ಆಗಿದ್ದರೂ ಬರಬೇಡ ಮಗಳೇ.